ನೆರೆ ಇಳಿದ ಮೇಲೆ

ಸರ್ವೇಂದ್ರಿಯಗಳಲ್ಲಿ ನಯನವೇ ಪ್ರಧಾನವೆಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಆದರೆ ನೆರೆಯೋ ಭೂಕಂಪವೋ ಸಂಭವಿಸಿದಾಗ ನಾವು ಸತ್ತವರನ್ನೆಣಿಸುತ್ತೇವೆ, ಬಿದ್ದ ಮನೆಗಳನ್ನೆಣಿಸುತ್ತೇವೆ. ಬದುಕುಳಿದವರ ಕಣ್ಣುಗಳನ್ನು ಎಣಿಸುವವರು ಯಾರು?

2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ಹರಿದಾಗ ನಮ್ಮ ಮಣ್ಣಿನ ಮನೆ ಕುಸಿಯಿತು. ಯಾರ ಪ್ರಾಣಕ್ಕೂ ಅಪಾಯವಾಗಲಿಲ್ಲ. ನೀರಿಳಿದ ಮೇಲೆ ಅಪ್ಪ ಬಿದ್ದ ಜಂತಿಗಳನ್ನು ಎತ್ತಿಡುತ್ತಿದ್ದಾಗ ಕೊಳೆತ ಕಣಿಕೆಯ ಸಿಬಿರೊಂದು ಅವರ ಬಲಗಣ್ಣಿಗೆ ತಾಗಿತು. "ಕಸ ಬಿದ್ದೈತಿ, ಹೋಗ್ತೈತಿ ಬಿಡವ್ವಾ" ಎಂದರು. ನಾಲ್ಕನೆಯ ದಿನ ಕಣ್ಣು ಕೆಂಪಾಗಿ ಊದಿಕೊಂಡಿತು. ಔಷಧಿ ಅಂಗಡಿಯಿಂದ ಹನಿ ತಂದು ಬಿಟ್ಟೆವು. ಉರಿ ತಗ್ಗಿತು, ಕಣ್ಣಿನಲ್ಲಿ ಹೂ ಬಿದ್ದಿತು. ಆ ಹನಿಯಲ್ಲಿ ಸ್ಟಿರಾಯ್ಡ್ ಇತ್ತೆಂದೂ, ಶಿಲೀಂಧ್ರ ತಗುಲಿದ ಹುಣ್ಣಿಗೆ ಅದು ಬೆಂಕಿಗೆ ಸುರಿದ ತುಪ್ಪವೆಂದೂ ದೊಡ್ಡಾಸ್ಪತ್ರೆಯ ವೈದ್ಯರು ತಿಳಿಸುವ ಹೊತ್ತಿಗೆ ಹದಿನೈದು ದಿನಗಳು ಕಳೆದಿದ್ದವು.

ಇದು ತಪ್ಪಿಸಲಾಗದ ವಿಧಿಯೇ? ಖಂಡಿತ ಅಲ್ಲ. ನೇಪಾಳದ ಭಕ್ತಪುರದಲ್ಲಿ ಹಳ್ಳಿಯ ಆರೋಗ್ಯ ಕಾರ್ಯಕರ್ತರಿಗೆ ತರಬೇತಿಯಿತ್ತು, ಕಣ್ಣು ಗೀರಿದವರಿಗೆ ಮೂರು ದಿನ ಕ್ಲೋರಾಂಫೆನಿಕಾಲ್ ಮುಲಾಮು ಹಚ್ಚಿಸಿದರು. ಗಾಯವಾದ 18 ಗಂಟೆಗಳೊಳಗೆ ಚಿಕಿತ್ಸೆ ಪಡೆದವರಲ್ಲಿ ಒಬ್ಬರಿಗೂ ಹುಣ್ಣಾಗಲಿಲ್ಲವೆಂದು 2001ರಲ್ಲಿ ಪ್ರಕಟವಾದ ವರದಿ ಹೇಳುತ್ತದೆ. ನಮ್ಮ ಗಂಜಿ ಕೇಂದ್ರದಲ್ಲಿ ಅನ್ನವಿತ್ತು, ಕಂಬಳಿಯಿತ್ತು. ಕಣ್ಣಿನ ಮುಲಾಮಿನ ಒಂದು ಟ್ಯೂಬೂ ಇರಲಿಲ್ಲ.

ಇನ್ನು ಪರಿಹಾರದ ಮಾತು. ಪ್ರಕೃತಿ ವಿಕೋಪದಲ್ಲಿ ಕಣ್ಣು ಕಳೆದುಕೊಂಡವರಿಗೆ ಪರಿಹಾರಧನವುಂಟು, ನಿಜ. ಆದರೆ ವೈಕಲ್ಯವು ಕನಿಷ್ಠ ಶೇಕಡ 40 ಇರಬೇಕು. ಒಂದು ಕಣ್ಣು ಚೆನ್ನಾಗಿದ್ದು ಇನ್ನೊಂದು ಪೂರ್ತಿ ಹೋದರೆ ಸರ್ಕಾರದ ಲೆಕ್ಕದಲ್ಲಿ ಅದು ಕೇವಲ ಶೇಕಡ 30! ಈ ನಿಯಮವನ್ನು ಅಪ್ಪನಿಗೆ ಓದಿ ಹೇಳಿದವಳು, ಮನೆತನದಲ್ಲಿ ಮೊದಲು ಕಾಲೇಜಿನ ಮೆಟ್ಟಿಲೇರಿದ ನಾನೇ. ಕುಡುಗೋಲು ಬೀಸುವಾಗ ಅಳತೆ ತಪ್ಪಿ ಬೆರಳು ಕುಯ್ದುಕೊಳ್ಳುವ ಒಕ್ಕಲಿಗನಿಗೆ ಆ ಹತ್ತರ ಕೊರತೆಯನ್ನು ಏನೆಂದು ವಿವರಿಸಲಿ?

ಒಂದು ಕಣ್ಣು ಹೋದರೂ ಅದನ್ನು ನಷ್ಟವೆಂದು ಎಣಿಸಬೇಕು. ಪ್ರತಿಯೊಂದು ಗಂಜಿ ಕೇಂದ್ರದಲ್ಲಿಯೂ ಕಣ್ಣಿನ ಮುಲಾಮು, ಅದನ್ನು ಹಚ್ಚಬಲ್ಲ ಒಬ್ಬ ಆರೋಗ್ಯ ಕಾರ್ಯಕರ್ತೆ ಇರಬೇಕು. ಮನೆಯ ಅವಶೇಷ ತೆಗೆಯುವವರಿಗೆ ಸಲಿಕೆಯೊಡನೆ ಒಂದು ಅಗ್ಗದ ರಕ್ಷಣಾ ಕನ್ನಡಕವನ್ನೂ ಕೊಡಬೇಕು. ಇವು ಸರ್ಕಾರಕ್ಕೆ ಭಾರವಾಗುವ ಬೇಡಿಕೆಗಳಲ್ಲ.

ಸಹಪಾಠಿಗಳೇ, ನಾಳೆ ನೆರೆ ಬಂದರೆ ಸೇವೆಗೆಂದು ಹೊರಡುವವರು ನಾವೇ. ಯಾರಾದರೂ "ಕಣ್ಣಿಗೆ ಕಸ ಬಿದ್ದೈತಿ" ಎಂದರೆ ನಕ್ಕು ಸುಮ್ಮನಾಗದಿರೋಣ. ಅಂದೇ ಅವರನ್ನು ಕಣ್ಣಿನ ವೈದ್ಯರಲ್ಲಿಗೆ ಕರೆದೊಯ್ಯೋಣ. ನಮ್ಮಪ್ಪನನ್ನು ಯಾರೂ ಕರೆದೊಯ್ಯಲಿಲ್ಲ; ನಾನೂ ಕರೆದೊಯ್ಯಲಿಲ್ಲ.