ದನಿಯುಂಟು, ಮುಖವಿಲ್ಲ

ಹೋದ ಭಾನುವಾರ ಬೆಳಗ್ಗೆ ಕಾಫಿಯ ಲೋಟವನ್ನು ಇನ್ನೂ ಕೆಳಗಿಟ್ಟಿರಲಿಲ್ಲ. ನೆರೆಮನೆಯ ನಿವೃತ್ತ ಹೆಡ್‌ಮಾಸ್ಟರರು ಬಾಗಿಲಲ್ಲಿ ನಿಂತಿದ್ದರು.

"ಮೇಷ್ಟ್ರೇ, ಮೊಮ್ಮಗಳ ನಗು ಕೇಳಿಸುತ್ತದೆ, ಮೊಮ್ಮಗಳು ಮಾತ್ರ ಕಾಣಿಸುವುದಿಲ್ಲ. ಒಂದು ಸಲ ಬಂದು ನೋಡಬೇಕು."

ನಾನು ಹಳಗನ್ನಡ ಪಾಠ ಹೇಳುವವನು. ಆದರೂ ಕಂಪ್ಯೂಟರಿಗೆ ಜ್ವರ ಬಂದರೆ ಹೆಸರಘಟ್ಟದ ನಮ್ಮ ಬೀದಿಗೆ ನಾನೇ ನಾಟಿವೈದ್ಯ.

ಮಗಳು ಪರದೇಶದಿಂದ ಕಳುಹಿಸಿದ್ದ, ಫೋನಿನಲ್ಲಿ ತೆಗೆದ ವಿಡಿಯೊ. ತೆರೆಯೆಲ್ಲ ಕಾಡಿಗೆ ಬಳಿದಂತೆ ಕಪ್ಪು. ಅದರ ಹಿಂದಿನಿಂದ ಮಗುವಿನ ಕೇಕೆ. ಫೈಲು ಕೆಟ್ಟಿದೆ, ಅಳಿಸಿಬಿಡಿ ಎಂದು ಯಾರೋ ಬಲ್ಲವರು ಹೇಳಿಹೋಗಿದ್ದರಂತೆ. ಇಂಥ ಬಲ್ಲವರಿಂದ ದೇವರೇ ಕಾಪಾಡಬೇಕು.

ಶ್ಯಾನುಭೋಗರ ಮೋಡಿ ಅಕ್ಷರದ ಹಳೆಯ ಲೆಕ್ಕದ ಪುಸ್ತಕವನ್ನು ನೀವು ಕಂಡಿರಬಹುದು. ಕಾಗದ ಗಟ್ಟಿಯಾಗಿದೆ, ಮಸಿ ಮಾಸಿಲ್ಲ; ಓದಬಲ್ಲವರಿಲ್ಲ, ಅಷ್ಟೆ. ಇದೂ ಹಾಗೆಯೇ. ಫೈಲಿನ ಹೆಸರಿನ ಕೊನೆಯಲ್ಲಿರುವ 'ಎಂಪಿ4' ಎಂಬುದು ಬರಿಯ ಲಕೋಟೆ. ಒಳಗೆ ಚಿತ್ರವೂ ಶಬ್ದವೂ ಬೇರೆಬೇರೆ ಲಿಪಿಗಳಲ್ಲಿ ಅಡಗಿರುತ್ತವೆ. ಆ ಲಿಪಿಗೆ ಕೋಡೆಕ್ ಎಂದು ಹೆಸರು. 2013ರಲ್ಲಿ ಬಂದ ಎಚ್‌ಇವಿಸಿ ಎಂಬ ಲಿಪಿ ಹಿಂದಿನ ಎಚ್.264ಕ್ಕಿಂತ ಸುಮಾರು ಅರ್ಧ ಜಾಗದಲ್ಲಿ ಅದೇ ಚಿತ್ರವನ್ನು ಹಿಡಿಸುವುದರಿಂದ ಅನೇಕ ಫೋನುಗಳು ಅದನ್ನೇ ಬಳಸುತ್ತವೆ. ಹೆಡ್‌ಮಾಸ್ಟರರ ಕಂಪ್ಯೂಟರಿಗೆ ಶಬ್ದದ ಲಿಪಿ ಬರುತ್ತಿತ್ತು, ಚಿತ್ರದ್ದು ಬರುತ್ತಿರಲಿಲ್ಲ.

ವಿಎಲ್‌ಸಿ ಎಂಬ ಉಚಿತ ಪ್ಲೇಯರನ್ನು ಹಾಕಿದೆ. ಪ್ಯಾರಿಸ್ಸಿನ ವಿದ್ಯಾರ್ಥಿಗಳು 1996ರಲ್ಲಿ ತೊಡಗಿದ ಕೆಲಸ ಅದು. ಬಹುತೇಕ ಲಿಪಿಗಳನ್ನು ತನ್ನೊಳಗೇ ಇಟ್ಟುಕೊಂಡಿದೆ. ಮಗು ಕಾಣಿಸಿತು, ಆದರೆ ಹೆಜ್ಜೆಹೆಜ್ಜೆಗೂ ತಡವರಿಸಿತು. ಹೊಸ ಲಿಪಿಯನ್ನು ಬಿಡಿಸಲು ಹಳೆಯ ಯಂತ್ರಕ್ಕೆ ಉಸಿರು ಸಾಲದು. ಹ್ಯಾಂಡ್‌ಬ್ರೇಕ್ ಎಂಬ ಇನ್ನೊಂದು ಉಚಿತ ತಂತ್ರಾಂಶದಿಂದ ಎಚ್.264ಕ್ಕೆ ಬದಲಿಸಿದ ಮೇಲೆ ಸರಾಗವಾಯಿತು.

ತುಟಿಗೂ ಮಾತಿಗೂ ಹೊಂದದಿದ್ದರೆ? ವಿಎಲ್‌ಸಿಯಲ್ಲಿ ಜೆ ಅಥವಾ ಕೆ ಕೀಲಿಯನ್ನು ಒಮ್ಮೆ ಒತ್ತಿದರೆ ಶಬ್ದ 50 ಮಿಲಿಸೆಕೆಂಡಿನಷ್ಟು ಹಿಂದಕ್ಕೋ ಮುಂದಕ್ಕೋ ಸರಿಯುತ್ತದೆ. ಈ ಸಂಕಟ ಹೊಸದೇನಲ್ಲ. ಪ್ರೊಜೆಕ್ಟರಿನಲ್ಲಿ ಚಿತ್ರ ತೋರುವ ಜಾಗ ಬೇರೆ, ಶಬ್ದ ಓದುವ ಜಾಗ ಬೇರೆಯಾದ್ದರಿಂದ ಸಿನಿಮಾ ರೀಲಿನ ಅಂಚಿನ ಶಬ್ದದ ಗೆರೆಯನ್ನು ಚಿತ್ರಕ್ಕಿಂತ ಸುಮಾರು 20 ಚೌಕಟ್ಟು ಮುಂದಾಗಿ ಅಚ್ಚೊತ್ತುತ್ತಿದ್ದರು. ನಮ್ಮೂರಿನ ಸರ್ಕಾರಿ ಫಿಲ್ಮ್ ಇನ್‌ಸ್ಟಿಟ್ಯೂಟಿನ ಮೂಲ ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್. 'ಕಾಗಜ್ ಕೆ ಫೂಲ್' ಚಿತ್ರಕ್ಕೆ ಕ್ಯಾಮೆರಾ ಹಿಡಿದ ವಿ.ಕೆ. ಮೂರ್ತಿಯವರು ಕಲಿತದ್ದು ಅಲ್ಲಿ. ಆ ಕಾಲದ ರೀಲನ್ನು ಬೆಳಕಿಗೆ ಹಿಡಿದರೆ ಬರಿಗಣ್ಣಿಗೇ ಮುಖ ಕಾಣುತ್ತಿತ್ತು. ಸಿ.ಡಿ.ಯನ್ನು ಬೆಳಕಿಗೆ ಹಿಡಿದರೆ ಕಾಣುವುದು ನಮ್ಮದೇ ಮುಖ.

ಸಿ.ಡಿ. ಎಂದಾಗ ಹೆಡ್‌ಮಾಸ್ಟರರು ಎದ್ದು ಹೋಗಿ ಬೀರುವಿನಿಂದ ಒಂದನ್ನು ತಂದರು. 2002ರಲ್ಲಿ ನಡೆದ ಮಗಳ ಮದುವೆಯದು. ಈಗ ಇಲ್ಲದ ಅವರ ಮನೆಯಾಕೆ ಅದರಲ್ಲಿ ಹಸೆಯ ಮುಂದೆ ಹಾಡುತ್ತಾರೆ. ಹಾಡಿನ ನಡುವೆ ಯಾವಾಗಲೂ ನಿಂತುಬಿಡುತ್ತದೆಯಂತೆ. ಪ್ರತಿ ಸಲವೂ ತೆಗೆದು, ಪಂಚೆಯ ಅಂಚಿನಿಂದ ಗುಂಡಗೆ ಉಜ್ಜಿ, ಮತ್ತೆ ಹಾಕುತ್ತಾರೆ.

"ಬೇರೆ ಪ್ರತಿ ಇದೆಯೆ?"

"ಇದೊಂದೇ."

ಸಿ.ಡಿ.ಯನ್ನು ಯಂತ್ರದೊಳಗೆ ಹಾಕಲು ನಾನು ಬಿಡಲಿಲ್ಲ. ಗುಂಡಗೆ ಉಜ್ಜಿದರೆ ಗೀರು ಹಾದಿಯುದ್ದಕ್ಕೂ ಬೀಳುತ್ತದೆ. ನಡುವಿನಿಂದ ಅಂಚಿಗೆ ನೇರವಾಗಿ ಒರೆಸಬೇಕು. ಮೆತ್ತನೆಯ ಬಟ್ಟೆಯಲ್ಲಿ ಹಾಗೆ ಒರೆಸಿ ಮನೆಗೆ ಒಯ್ದೆ. ಒಂದು ಡ್ರೈವು ಓದದ್ದನ್ನು ಇನ್ನೊಂದು ಓದುವುದುಂಟು. ನನ್ನ ಹಳೆಯ ಕಂಪ್ಯೂಟರಿನಲ್ಲಿ, ಓದಲಾಗದ ಕಡೆ ಬಿಟ್ಟು ಮುಂದೆ ಸಾಗುವ ತಂತ್ರಾಂಶದಿಂದ ರಾತ್ರಿಯೆಲ್ಲ ನಕಲು ತೆಗೆದು, ಎರಡು ಕಡೆ ಇರಿಸಿದೆ.

ಮರುದಿನ ಸಂಜೆ ಹೆಡ್‌ಮಾಸ್ಟರರ ಮನೆಯಲ್ಲಿ ಅದನ್ನು ಹಚ್ಚಿದೆವು. ಚಿತ್ರ ಮಸುಕು, ದನಿ ಮಾತ್ರ ತಿಳಿಯಾಗಿತ್ತು. ಆ ಜಾಗಕ್ಕೆ ಬಂದಾಗ ತೆರೆ ಚೂರುಚೂರಾಗಿ, ಹಾಡು ಕಡಿದು, ಕೆಲವು ಕ್ಷಣಗಳ ಮೇಲೆ ಮುಂದಿನ ಸಾಲಿನಿಂದ ಮತ್ತೆ ಮೊದಲಾಯಿತು.

"ಅಷ್ಟು ಉಳಿಯಲಿಲ್ಲ ಸಾರ್" ಎಂದೆ.

"ಆ ಸಾಲು ನನಗೆ ಬರುತ್ತದೆ" ಎಂದು ಹೆಡ್‌ಮಾಸ್ಟರರು ಹಿಂದಕ್ಕೆ ಸರಿಸಲು ಹೇಳಿದರು. ಎರಡನೆಯ ಸಲ ಹಾಡು ಕಡಿದಲ್ಲಿ ಮೆಲ್ಲನೆ ತಾವೇ ಹೇಳಿಕೊಂಡರು.