ಆನ್‌ಲೈನ್ ವರ್ತಕರ ಅಹವಾಲು

ಬೀದಿಯ ಅಂಗಡಿಗೆ ಬೀಗಮುದ್ರೆ ಹಾಕಬೇಕಾದರೆ ಅಧಿಕಾರಿಯ ಲಿಖಿತ ಹುಕುಂ ಬೇಕು; ಹುಕುಮಿನಲ್ಲಿ ಕಾರಣ ಕಾಣಿಸಿರಬೇಕು; ಅದರ ಮೇಲೆ ಅಪೀಲು ಹೋಗಲು ಒಂದು ಕಚೇರಿಯೂ ಇರಬೇಕು. ಆನ್‌ಲೈನ್ ಪೇಟೆಯಲ್ಲಿ ಸರಕಿಟ್ಟಿರುವ ಸಣ್ಣ ವರ್ತಕನಿಗೆ ಈ ಮೂರೂ ದುರ್ಲಭವಾಗಿವೆ. ರಾತ್ರಿ ಮಾರಾಟಕ್ಕಿದ್ದ ಸರಕು ಬೆಳಗಾಗುವಷ್ಟರಲ್ಲಿ ‘ನಿರ್ಬಂಧಿತ ಪದಾರ್ಥ’ವೆಂಬ ಮುದ್ರೆ ಹೊತ್ತು ಮಾಯವಾಗಿರುತ್ತದೆ. ಕಾರಣ ಕೇಳಿದರೆ, ನಿಬಂಧನೆಗಳನ್ನು ಓದಿಕೊಳ್ಳತಕ್ಕದ್ದೆಂಬ ಸಿದ್ಧ ಉತ್ತರ ಬರುತ್ತದೆ. ವರ್ತಕರ ಈ ಬವಣೆಯು ಸರ್ಕಾರದ ಗಮನಕ್ಕೆ ಅರ್ಹವಾದುದೆಂದು ನಾವು ಭಾವಿಸುತ್ತೇವೆ.

ನಿರ್ಬಂಧಗಳೇ ಕೂಡದೆಂಬುದು ನಮ್ಮ ವಾದವಲ್ಲ. ಕಾರಿನಲ್ಲಿ ಸೀಟ್ ಬೆಲ್ಟ್ ಕಟ್ಟಿಕೊಳ್ಳದಿದ್ದರೂ ಎಚ್ಚರಿಕೆಯ ಸದ್ದು ಬಾರದಂತೆ ಮಾಡುವ ಕ್ಲಿಪ್ಪುಗಳು ಈ ಪೇಟೆಗಳಲ್ಲಿ ರಾಜಾರೋಷವಾಗಿ ಮಾರಾಟವಾಗುತ್ತಿದ್ದವು. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ಕೈಹಾಕಿದ ಮೇಲೆ, 2023ರ ಮೇ ತಿಂಗಳ ಹೊತ್ತಿಗೆ, ಐದು ಕಂಪೆನಿಗಳಿಂದ ಇಂಥ 13,118 ಲಿಸ್ಟಿಂಗುಗಳು ತೊಲಗಿದವು. ಗುಣಮಟ್ಟದ ಮುದ್ರೆಯಿಲ್ಲದ ಪ್ರೆಶರ್ ಕುಕ್ಕರುಗಳ ಮಾರಾಟಕ್ಕೆ ಅವಕಾಶ ಕೊಟ್ಟುದಕ್ಕಾಗಿ 2022ರ ಆಗಸ್ಟಿನಲ್ಲಿ ಅಮೆಜಾನ್, ಫ್ಲಿಪ್‌ಕಾರ್ಟ್ ಕಂಪೆನಿಗಳಿಗೆ ತಲಾ 1 ಲಕ್ಷ ರೂಪಾಯಿ ದಂಡ ಬಿದ್ದಿತು. ಇವೆಲ್ಲ ಯೋಗ್ಯ ಕ್ರಮಗಳೇ. ದಂಡದ ಮೊತ್ತವು ಇನ್ನೂ ಹೆಚ್ಚಾಗಬಹುದಿತ್ತೆಂದು ಹೇಳಲೂ ನಾವು ಹಿಂಜರಿಯುವುದಿಲ್ಲ.

ಆದರೆ ಈ ದಂಡದ ತಕ್ಕಡಿಗೆ ಒಂದೇ ತಟ್ಟೆ. ಕೆಟ್ಟ ಸರಕನ್ನು ಉಳಿಸಿಕೊಂಡರೆ ಕಂಪೆನಿಗೆ ಶಿಕ್ಷೆಯುಂಟು. ಒಳ್ಳೆಯ ಸರಕನ್ನು ತೆಗೆದೊಗೆದರೆ ಯಾವ ಶಿಕ್ಷೆಯೂ ಇಲ್ಲ. ಲಕ್ಷೋಪಲಕ್ಷ ಲಿಸ್ಟಿಂಗುಗಳನ್ನು ಮನುಷ್ಯರು ಓದಿ ನೋಡುವುದು ಅಸಾಧ್ಯ. ಆ ಕೆಲಸವನ್ನು ಯಂತ್ರಕ್ಕೆ ವಹಿಸಿದ್ದಾರೆ. ಸಂದೇಹ ಬಂದ ಕೂಡಲೇ ಕಿತ್ತುಹಾಕೆಂದು ಯಂತ್ರಕ್ಕೆ ಅಪ್ಪಣೆಯಾದರೆ ಕಂಪೆನಿಗೆ ನಷ್ಟ ಅತ್ಯಲ್ಪ. ಸರಕು ಗೋದಾಮಿನಲ್ಲಿ ಕೊಳೆಯುವುದೂ ಸಾಲದ ಬಡ್ಡಿ ಏರುವುದೂ ವರ್ತಕನ ಪಾಲಿಗೆ.

ಅಮೆರಿಕಾದ ಒಂದು ಸಂಗತಿಯು ಇದನ್ನು ಚೆನ್ನಾಗಿ ತೋರಿಸುತ್ತದೆ. ಪರವಾನಗಿಯಿಲ್ಲದ ವಿದೇಶೀ ಕೀಟನಾಶಕಗಳನ್ನು ಮಾರಿದ ಸುಮಾರು 4,000 ಆಪಾದನೆಗಳ ಸಂಬಂಧವಾಗಿ ಅಮೆಜಾನ್ ಕಂಪೆನಿಯು 2018ರ ಫೆಬ್ರವರಿಯಲ್ಲಿ ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆಗೆ 12 ಲಕ್ಷ ಡಾಲರಿಗೂ ಮೇಲ್ಪಟ್ಟು ತೆರಲು ಒಪ್ಪಿತು. ವರ್ತಕರಿಗೆ ಕೀಟನಾಶಕ ಕಾನೂನಿನ ಪಾಠ ಹೇಳಲೂ ಒಪ್ಪಿತು. ಆ ಕಾನೂನಿನಲ್ಲಿ ಒಂದು ಸೂಕ್ಷ್ಮವಿದೆ. ಸ್ನಾನದ ಮನೆಯ ಪರದೆಗೆ, ಪರದೆಯೇ ಬೂಷ್ಟು ಹಿಡಿದು ಹಾಳಾಗದಿರಲೆಂದು ನೋಂದಾಯಿತ ಔಷಧಿ ಲೇಪಿಸಿದ್ದರೆ ಪರದೆಗೆ ಪ್ರತ್ಯೇಕ ನೋಂದಣಿ ಬೇಕಿಲ್ಲ. ಆದರೆ ‘ಬಳಸುವವರನ್ನು ರೋಗಾಣುಗಳಿಂದ ರಕ್ಷಿಸುತ್ತದೆ’ ಎಂದು ಬರೆದರೆ ಅದೇ ಪರದೆಗೆ ನೋಂದಣಿ ಅಗತ್ಯ. ಎರಡು ವಾಕ್ಯಗಳ ನಡುವಣ ಈ ಅಂತರವು ವಕೀಲನಿಗೆ ಗೊತ್ತು. ಪದಗಳನ್ನು ಹೆಕ್ಕುವ ಯಂತ್ರಕ್ಕೆ ಅಷ್ಟು ಸುಲಭವಾಗಿ ತಿಳಿಯುವಂಥದಲ್ಲ. ಕೀಟನಾಶಕದ ಗಂಧವೂ ಇಲ್ಲದ ಸರಕುಗಳಿಗೆ ಆ ಹೆಸರು ಅಂಟಿತೆಂಬುದು ಅಲ್ಲಿನ ವರ್ತಕರ ಹಳೆಯ ದೂರು.

ನಮ್ಮ ದೇಶದ ವರ್ತಕರೂ ಇದನ್ನು ಗಮನಿಸತಕ್ಕದ್ದು. ದೇವರ ಮುಂದೆ ಹಚ್ಚುವ ಊದುಬತ್ತಿಯು ಸುಗಂಧ ದ್ರವ್ಯ ಮಾತ್ರ. ‘ಸೊಳ್ಳೆ ಓಡಿಸುತ್ತದೆ’ ಎಂದು ಸೇರಿಸಿದೊಡನೆ 1968ರ ಕೀಟನಾಶಕ ಕಾಯಿದೆಯು ಬಾಗಿಲಿಗೆ ಬರುತ್ತದೆ. ಎಷ್ಟೋ ವೇಳೆ ಸರಕಿಗೆ ಸಂಕಟ ತಂದಿಡುವುದು ವರ್ತಕನ ಉತ್ಸಾಹದ ಲೇಖನಿಯೇ ಎಂಬುದನ್ನು ಮರೆಮಾಚಿ ಪ್ರಯೋಜನವಿಲ್ಲ.

ಚನ್ನಪಟ್ಟಣದ ಗೊಂಬೆಯ ವಿಷಯವೇ ಬೇರೆ. 2021ರ ಜನವರಿ 1ರಿಂದ ಆಟಿಕೆಗಳಿಗೆ ಐ.ಎಸ್.ಐ. ಮುದ್ರೆ ಕಡ್ಡಾಯವಾಯಿತು. ಅದಕ್ಕೆ ಮುಂಚೆ, 2020ರ ಡಿಸೆಂಬರಿನಲ್ಲಿಯೇ, ಕರಕುಶಲ ಆಯುಕ್ತರ ಕಚೇರಿಯಲ್ಲಿ ನೋಂದಾಯಿಸಿಕೊಂಡ ಕುಶಲಕರ್ಮಿಗಳ ಆಟಿಕೆಗಳಿಗೂ, ಭೌಗೋಳಿಕ ಗುರುತು ಪಡೆದ ಪದಾರ್ಥಗಳಿಗೂ ಸರ್ಕಾರವು ವಿನಾಯಿತಿ ಕೊಟ್ಟಿತು. ಚನ್ನಪಟ್ಟಣದ ಆಟಿಕೆಗೆ ಆ ಗುರುತು ಉಂಟು. ಹೀಗಿರಲು ಮುದ್ರೆಯೊಂದನ್ನೇ ಹುಡುಕಿ, ಕಾಣದಾಗ ಸರಕನ್ನು ತಳ್ಳಿಹಾಕುವ ಯಂತ್ರವು ಕಾನೂನು ಕ್ಷಮಿಸಿದ್ದನ್ನು ತಾನು ಶಿಕ್ಷಿಸಿದಂತಾಗುತ್ತದೆ. ವಿನಾಯಿತಿಯ ಪತ್ರವನ್ನು ಯಾರಿಗೆ ತೋರಿಸಬೇಕು? ತೋರಿಸಿದರೆ ಓದುವವರು ಯಾರು? ಅರಗಿನ ಬಣ್ಣ ಹಾಕುವ ಕೈಗಳಿಗೆ ಈ ಪ್ರಶ್ನೆ ಹೊಟ್ಟೆಪಾಡಿನ ಪ್ರಶ್ನೆ.

ಯೂರೋಪಿನವರು ಇದಕ್ಕೆ ದಾರಿ ಹುಡುಕಿದರು. 2020ರ ಜುಲೈ 12ರಿಂದ ಅಲ್ಲಿ ಜಾರಿಗೆ ಬಂದ ನಿಬಂಧನೆಯು, ಸರಕನ್ನು ತಡೆಹಿಡಿದರೆ ವರ್ತಕನಿಗೆ ಕಾರಣವನ್ನು ಬರೆದು ಕೊಡಬೇಕೆಂದೂ, ಅವನ ಖಾತೆಯನ್ನೇ ಮುಚ್ಚುವುದಾದರೆ ಸಾಮಾನ್ಯವಾಗಿ 30 ದಿನ ಮುಂಚೆ ತಿಳಿಸಬೇಕೆಂದೂ ವಿಧಿಸಿತು. 2024ರ ಫೆಬ್ರವರಿಯಲ್ಲಿ ಪೂರ್ಣವಾಗಿ ಜಾರಿಗೆ ಬಂದ ಇನ್ನೊಂದು ಶಾಸನವು, ದೂರಿನ ತೀರ್ಮಾನವನ್ನು ಯಂತ್ರವೊಂದಕ್ಕೇ ಬಿಡಕೂಡದೆಂದು ಹೇಳಿತು.

ಇತ್ತ ನಮ್ಮ 2020ರ ಇ-ವಾಣಿಜ್ಯ ನಿಯಮಗಳನ್ನು ನೋಡೋಣ. ಗ್ರಾಹಕನ ದೂರನ್ನು 48 ಗಂಟೆಗಳಲ್ಲಿ ಸ್ವೀಕರಿಸಿದೆವೆಂದು ತಿಳಿಸಬೇಕು, ಒಂದು ತಿಂಗಳಲ್ಲಿ ಪರಿಹರಿಸಬೇಕು. ಬಹಳ ಸಂತೋಷ. ಆದರೆ ಆ ಗಡುವು ಗ್ರಾಹಕನ ದೂರಿಗೆ, ಮಾರುವವನು ಗ್ರಾಹಕನಲ್ಲವಲ್ಲ! ಕೋರ್ಟಿಗೆ ಹೋಗಬಹುದೆನ್ನುವವರಿದ್ದಾರೆ. ಮೂವತ್ತು ಸಾವಿರ ರೂಪಾಯಿಯ ಸರಕಿಗಾಗಿ ಕೋರ್ಟಿನ ಮೆಟ್ಟಿಲು ಹತ್ತುವ ಸಣ್ಣ ವರ್ತಕನನ್ನು ನಾವಂತೂ ಕಂಡಿಲ್ಲ.

ಅದೇ 48 ಗಂಟೆ, ಅದೇ ಒಂದು ತಿಂಗಳ ಗಡುವನ್ನು ವರ್ತಕರ ದೂರಿಗೂ ವಿಸ್ತರಿಸುವುದಕ್ಕೆ ಹೊಸ ಇಲಾಖೆಯೇನೂ ಬೇಕಿಲ್ಲ. ಯಾವ ಕಾಯಿದೆಯ ಯಾವ ಕಲಮಿಗೆ ವಿರುದ್ಧವೆಂದು ತಡೆಯಾಜ್ಞೆಯಲ್ಲಿಯೇ ನಮೂದಿಸುವಂತೆಯೂ, ಅಪೀಲನ್ನು ಒಬ್ಬ ಮನುಷ್ಯನು ಓದುವಂತೆಯೂ ಗ್ರಾಹಕ ವ್ಯವಹಾರಗಳ ಇಲಾಖೆಯು ನಿಯಮ ಮಾಡಲಿ. ಅಲ್ಲಿಯವರೆಗೆ ವರ್ತಕರು ಖರೀದಿ ಬಿಲ್ಲು, ಪರವಾನಗಿ, ವಿನಾಯಿತಿ ಪತ್ರಗಳನ್ನು ಕೈಗೆ ಸಿಗುವಂತೆ ಇಟ್ಟುಕೊಂಡು, ದಾಖಲೆ ಸಮೇತ ಅಪೀಲು ಮಾಡಿಕೊಳ್ಳುವುದು ಒಳ್ಳೆಯದು. ಕೋಪದಿಂದ ಅದೇ ಸರಕನ್ನು ಬೇರೆ ಹೆಸರಿನಲ್ಲಿ ಏರಿಸಿದರೆ ಇಡೀ ಖಾತೆಗೇ ಸಂಚಕಾರ ಬರುತ್ತದೆ. ಗೊಂಬೆ ತಯಾರಕರ ನೋಂದಣಿ, ವಿನಾಯಿತಿಗಳ ವಿವರವನ್ನು ಕಂಪೆನಿಗಳಿಗೆ ನೇರವಾಗಿ ತಲುಪಿಸುವ ಕೆಲಸವನ್ನು ನಮ್ಮ ರಾಜ್ಯದ ಕೈಗಾರಿಕಾ ಇಲಾಖೆಯವರು ವಹಿಸಿಕೊಳ್ಳಬಹುದು. ಅದಕ್ಕೆ ದೆಹಲಿಯ ಅಪ್ಪಣೆಗಾಗಿ ಕಾಯಬೇಕಾದುದಿಲ್ಲ.