ಓದದೆ ಒಪ್ಪಿದ ಲೆಕ್ಕ

2025ರ ಫೆಬ್ರವರಿ 1, ಶನಿವಾರ. ಬೆಳಗಿನ ಶಾಲೆ. ಬಿಡುವ ಗಂಟೆ ಹೊಡೆದು ಮಕ್ಕಳೆಲ್ಲ ಮನೆಗೆ ಹೋಗಿದ್ದರೂ ನಮ್ಮ ಸ್ಟಾಫ್ ರೂಮು ಖಾಲಿಯಾಗಿರಲಿಲ್ಲ. ಒಬ್ಬರ ಮೊಬೈಲಿನ ಸುತ್ತ ಎಂಟು ಹತ್ತು ತಲೆಗಳು. ದೆಹಲಿಯಲ್ಲಿ ಮುಂಗಡಪತ್ರ ಓದುತ್ತಿದ್ದರು. ಹನ್ನೆರಡು ಲಕ್ಷದವರೆಗೆ ಆದಾಯ ತೆರಿಗೆ ಇಲ್ಲ ಎಂದಾಗ ಚಪ್ಪಾಳೆ ಬಿತ್ತು. ನಾನೂ ತಟ್ಟಿದೆ, ಸುಳ್ಳೇಕೆ ಹೇಳಲಿ? ಆಮೇಲೆ, "ಕೋರ್ಟುಗಳಿಗೆ ಏನು ಕೊಟ್ಟರಂತೆ?" ಎಂದು ಕೇಳಿದೆ. ಗಣಿತದ ಮೇಷ್ಟ್ರು ನನ್ನತ್ತ ತಿರುಗಿ, "ಮೇಡಂ, ನೀವು ಚಿನ್ನದ ರೇಟು ಕೇಳ್ತೀರಿ ಅಂದ್ಕೊಂಡಿದ್ದೆ" ಎಂದರು. ಎಲ್ಲರೂ ನಕ್ಕರು. ಹೆಂಗಸರೂ ನಕ್ಕರು.

ಆ ನಗು ನನ್ನನ್ನು ಬಹಳ ದಿನ ಕಾಡಿತು. ದೇಶದ ಲೆಕ್ಕ ನಮ್ಮದಲ್ಲ ಎಂದು ನಾವೇ ಒಪ್ಪಿಕೊಂಡುಬಿಟ್ಟಿದ್ದೇವೆಯೆ?

ಲೆಕ್ಕ ನಮಗೆ ಬರುವುದಿಲ್ಲವೆಂದು ಯಾರು ಹೇಳಿದರು? ನಮ್ಮ ಅಮ್ಮ ಓದಿದ್ದು ನಾಲ್ಕನೇ ತರಗತಿ. ತಿಂಗಳ ಕೊನೆಗೆ ದಿನಸಿ ಅಂಗಡಿಯ ಲೆಕ್ಕದ ಪುಸ್ತಕ ಬಂದರೆ ಪ್ರತಿ ಸಾಲಿಗೂ ಬೆರಳಿಟ್ಟು ಓದುತ್ತಿದ್ದರು. "ಬೆಲ್ಲ ಎರಡು ಸಲ ಬರೆದಿದೀಯಲ್ಲೋ" ಎಂದು ಶೆಟ್ಟರ ಹುಡುಗನನ್ನು ಬಾಗಿಲಲ್ಲೇ ನಿಲ್ಲಿಸುತ್ತಿದ್ದರು. ಇವತ್ತಿಗೂ ನಮ್ಮ ಬೀದಿಯ ಸ್ತ್ರೀಶಕ್ತಿ ಸಂಘದಲ್ಲಿ ಹನ್ನೆರಡು ಸಾವಿರ ರೂಪಾಯಿಯ ಲೆಕ್ಕವನ್ನು ಗಟ್ಟಿಯಾಗಿ ಓದಿ, ಎಲ್ಲರೂ ಹೂಂ ಅಂದಮೇಲೆಯೇ ಮುಂದಿನ ಮಾತು. ಅದಕ್ಕೊಂದು ಗಂಟೆ ಹಿಡಿದರೂ ಯಾರೂ ಬೇಸರಪಡುವುದಿಲ್ಲ.

ಈಗ ದೆಹಲಿಯ ಲೆಕ್ಕ ನೋಡಿ. 2025-26ರ ಕೇಂದ್ರ ಮುಂಗಡಪತ್ರದ ಮೊತ್ತ 50 ಲಕ್ಷ ಕೋಟಿ ರೂಪಾಯಿಗೂ ಹೆಚ್ಚು. ಒಂದೊಂದು ಸಚಿವಾಲಯವೂ ತನಗಿಷ್ಟು ಬೇಕೆಂದು ಲೋಕಸಭೆಯ ಮುಂದೆ ಅನುದಾನದ ಬೇಡಿಕೆ ಇಡಬೇಕು. ಸದಸ್ಯರು ಅದನ್ನು ಚರ್ಚಿಸಿ ಒಪ್ಪಬೇಕು. ಹತ್ತನೇ ತರಗತಿಯ ಮಕ್ಕಳಿಗೆ ನಾನು ಪಾಠ ಮಾಡುವುದೂ ಹೀಗೆಯೇ. ಆದರೆ ನಡೆಯುವುದೇನು? ಮೂರೋ ನಾಲ್ಕೋ ಇಲಾಖೆಗಳ ಮೇಲೆ ಮಾತು ನಡೆಯುತ್ತದೆ. ಗೊತ್ತುಮಾಡಿದ ದಿನದ ಗೊತ್ತಾದ ಹೊತ್ತಿಗೆ ಸಭಾಧ್ಯಕ್ಷರು ಉಳಿದ ಎಲ್ಲ ಬೇಡಿಕೆಗಳನ್ನೂ ಒಟ್ಟಿಗೆ ಮತಕ್ಕೆ ಹಾಕುತ್ತಾರೆ. ಹೌದು ಎನ್ನುವವರು ಹೌದು ಎನ್ನುತ್ತಾರೆ. ಲಕ್ಷಾಂತರ ಕೋಟಿ ಅಂಗೀಕಾರವಾಯಿತು! ಈ ಪದ್ಧತಿಯ ಹೆಸರು ಗಿಲೋಟಿನ್. ಫ್ರಾನ್ಸಿನ ಕ್ರಾಂತಿಯಲ್ಲಿ ಜನರ ತಲೆ ಕತ್ತರಿಸಿದ ಯಂತ್ರದ ಹೆಸರು. ಇಲ್ಲಿ ಕತ್ತರಿಸುವುದು ಮಾತನ್ನು.

ಇದು ಒಂದು ಪಕ್ಷದ ತಪ್ಪೆಂದು ನಾನು ಹೇಳುತ್ತಿಲ್ಲ. 2013ರಲ್ಲಿ ಒಬ್ಬರ ಸರ್ಕಾರವಿತ್ತು, 2018ರಲ್ಲೂ 2023ರಲ್ಲೂ ಇನ್ನೊಬ್ಬರದು. ಆ ಮೂರು ವರ್ಷಗಳಲ್ಲೂ ಒಂದೇ ಒಂದು ಇಲಾಖೆಯ ಬೇಡಿಕೆಯೂ ಸದನದಲ್ಲಿ ಚರ್ಚೆಯಾಗದೆ ಎಲ್ಲವೂ ಈ ಕತ್ತಿಯ ಕೆಳಗೆ ಹೋದವು. ಆಳುವವರು ಕೇಳಿಸಿಕೊಳ್ಳಲಿಲ್ಲ, ವಿರೋಧಿಸುವವರು ಕೂಗಾಟ ಬಿಟ್ಟು ಮಾತಾಡಲಿಲ್ಲ. ತಿಳಿದವರು, "ಸ್ಥಾಯಿ ಸಮಿತಿಗಳಿವೆಯಲ್ಲ, ಅವರು ಓದುತ್ತಾರೆ" ಎನ್ನುತ್ತಾರೆ. ನಿಜ, 1993ರಿಂದ ಆ ಸಮಿತಿಗಳಿವೆ, ಒಳ್ಳೆಯ ವರದಿಗಳನ್ನೂ ಕೊಟ್ಟಿವೆ. ಆದರೆ ಅವರ ಮಾತನ್ನು ಸರ್ಕಾರ ಕೇಳಲೇಬೇಕೆಂದಿಲ್ಲ. ಸಭೆ ನಡೆಯುವುದೂ ಮುಚ್ಚಿದ ಬಾಗಿಲ ಹಿಂದೆ. ಅಡಿಗೆಮನೆಯಲ್ಲಿ ಪಿಸುಗುಟ್ಟಿದ್ದು ಪಂಚಾಯಿತಿ ಕಟ್ಟೆಯ ಮಾತಾಗುವುದಿಲ್ಲ.

ರೈಲಿನ ಮೇಲೆ, ಕೃಷಿಯ ಮೇಲೆ ಆಗೊಮ್ಮೆ ಈಗೊಮ್ಮೆ ಚರ್ಚೆಯಾದೀತು. ವಾಣಿಜ್ಯ, ನ್ಯಾಯ, ವಿಜ್ಞಾನ ಎಂಬ ಸಪ್ಪೆ ಇಲಾಖೆಗಳ ಸರದಿ ಬರುವುದು ಅಪರೂಪ. ಸಪ್ಪೆ ಯಾರಿಗೆ ಎಂಬುದೇ ನನ್ನ ಪ್ರಶ್ನೆ.

ನನ್ನ ತವರು ಕೊಪ್ಪದ ಕಡೆ. ಅಪ್ಪನಿಗೆ ಎರಡು ಎಕರೆ ಅರೇಬಿಕಾ ಕಾಫಿ ಇತ್ತು. ಬಿಳಿ ಕಾಂಡಕೊರಕ ಹುಳು ಬಿದ್ದ ಗಿಡವನ್ನು ಕಿತ್ತು ಸುಡುವುದನ್ನು ಬಿಟ್ಟರೆ ದಾರಿಯಿಲ್ಲ. ಕಿತ್ತ ಗಿಡದ ಹೊಗೆ ನೋಡುತ್ತ ಅಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡದ್ದು ನನಗೆ ನೆನಪಿದೆ. ಆ ಹುಳುವಿಗೆ ಮದ್ದು, ರೋಗ ತಡೆಯುವ ತಳಿ ಹುಡುಕಬೇಕಾದದ್ದು ಬಾಳೆಹೊನ್ನೂರಿನ ಬಳಿಯ ಕಾಫಿ ಸಂಶೋಧನಾ ಸಂಸ್ಥೆ. 1925ರಲ್ಲಿ ಮೈಸೂರು ಸಂಸ್ಥಾನ ಶುರುಮಾಡಿದ್ದು. ಅದನ್ನು ನಡೆಸುವ ಕಾಫಿ ಮಂಡಳಿ ಕೃಷಿ ಇಲಾಖೆಗೆ ಸೇರಿದ್ದಲ್ಲ, ಕೇಂದ್ರದ ವಾಣಿಜ್ಯ ಸಚಿವಾಲಯಕ್ಕೆ ಸೇರಿದ್ದು. ಒಂದು ಹೊಸ ಕಾಫಿ ತಳಿ ಗಟ್ಟಿಯಾಗಲು ಹತ್ತಾರು ವರ್ಷ ಬೇಕು, ಹಣ ಮಾತ್ರ ವರ್ಷ ವರ್ಷ ಬರಬೇಕು. ಒಂದು ವರ್ಷ ಕೈ ಬಿಗಿಹಿಡಿದರೆ ಅದರ ಪೆಟ್ಟು ಕೊನೆಗೆ ಬೀಳುವುದು ಕಾಫಿ ಹಣ್ಣು ಕೊಯ್ಯುವ ಹೆಂಗಸಿನ ಕೂಲಿಯ ಮೇಲೆ. ವಾಣಿಜ್ಯವೆಂದರೆ ಮುಂಬಯಿಯ ಶೇರುಪೇಟೆಯಷ್ಟೇ ಅಲ್ಲ.

ಇನ್ನು ನ್ಯಾಯ. ನಮ್ಮ ಶಾಲೆಯಲ್ಲಿ ಬಿಸಿಯೂಟ ಮಾಡುವ ಒಬ್ಬ ಹೆಣ್ಣುಮಗಳಿದ್ದಾಳೆ. ಗಂಡ ಬಿಟ್ಟುಹೋಗಿ ಜೀವನಾಂಶಕ್ಕೆ ಅರ್ಜಿ ಹಾಕಿದಳು. ಮಧ್ಯಂತರ ಜೀವನಾಂಶದ ಅರ್ಜಿಯನ್ನು ನೋಟಿಸು ಮುಟ್ಟಿದ 60 ದಿನಗಳಲ್ಲಿ ಸಾಧ್ಯವಾದಮಟ್ಟಿಗೆ ತೀರ್ಮಾನಿಸಬೇಕೆಂದು 2001ರಲ್ಲೇ ಕಾನೂನಿಗೆ ಸೇರಿಸಿದ್ದಾರೆ. ಇವಳಿಗೆ ಮೂರು ವರ್ಷ ಹಿಡಿಯಿತು. ಒಮ್ಮೆ ನ್ಯಾಯಾಧೀಶರಿಗೆ ವರ್ಗ, ಆ ಜಾಗಕ್ಕೆ ಬೇರೊಬ್ಬರಿಲ್ಲ, ಒಮ್ಮೆ ಗುಮಾಸ್ತರಿಲ್ಲ, ಒಮ್ಮೆ ಗಂಡನೇ ಬರಲಿಲ್ಲ. ಪ್ರತಿ ತಾರೀಖಿಗೂ ಬಸ್ಸಿನ ಚಾರ್ಜು, ಒಂದು ದಿನದ ಸಂಬಳ ಹೋಯಿತು. "ಅಕ್ಕಾ, ನ್ಯಾಯಕ್ಕಿಂತ ಮುಂಚೆ ನನ್ನ ಕಾಲೇ ಸವೆದುಹೋಯ್ತು" ಎಂದಳು.

ಅವಳ ಹಣೆಬರಹ ಎಂದು ನಾವು ಕೈತೊಳೆದುಕೊಳ್ಳುತ್ತೇವೆ. ಹಣೆಬರಹವಲ್ಲ, ಇದು ಹಣದ ಬರಹ. ಹತ್ತು ಲಕ್ಷ ಜನಕ್ಕೆ 50 ನ್ಯಾಯಾಧೀಶರಾದರೂ ಇರಬೇಕೆಂದು ಕಾನೂನು ಆಯೋಗ 1987ರಲ್ಲೇ ಹೇಳಿತು. 2025ರ ಹೊತ್ತಿಗೆ ಇದ್ದದ್ದು ಸುಮಾರು 15. ದೇಶದಲ್ಲಿ ಬಾಕಿ ಬಿದ್ದ ಮೊಕದ್ದಮೆಗಳು 5 ಕೋಟಿ ದಾಟಿವೆ. ಕೆಳಗಿನ ನ್ಯಾಯಾಲಯಗಳ ಖರ್ಚಿನ ದೊಡ್ಡ ಪಾಲು ರಾಜ್ಯದ್ದು. ಕಟ್ಟಡ, ಗಣಕಯಂತ್ರ, ಅತ್ಯಾಚಾರ ಮತ್ತು ಮಕ್ಕಳ ಮೇಲಿನ ದೌರ್ಜನ್ಯದ ವಿಚಾರಣೆಗೆಂದು 2019ರಲ್ಲಿ ತಂದ ತ್ವರಿತ ವಿಶೇಷ ನ್ಯಾಯಾಲಯಗಳು, ಇವಕ್ಕೆ ಕೇಂದ್ರದ ಹಣವೂ ಬರಬೇಕು. ಅವನು ಕೊಡಲಿ ಎಂದು ಇವನು, ಇವನು ಕೊಡಲಿ ಎಂದು ಅವನು. ಅಣ್ಣತಮ್ಮಂದಿರ ನಡುವೆ ಮುದಿ ತಾಯಿ ಉಪವಾಸ ಬಿದ್ದ ಕಥೆ. 2013ರಲ್ಲಿ ದೆಹಲಿಯ ಆ ಹುಡುಗಿಯ ಸಾವಿನ ಬೆನ್ನಿಗೇ 1000 ಕೋಟಿಯ ನಿರ್ಭಯಾ ನಿಧಿ ಘೋಷಿಸಿದರು. ನಾವೆಲ್ಲ ಕಣ್ಣೀರು ಹಾಕಿ ಮೆಚ್ಚಿದೆವು. ಮೊದಲ ವರ್ಷಗಳಲ್ಲಿ ಅದರ ಬಹುಪಾಲು ಖರ್ಚಾಗದೆ ಕೂತಿತ್ತು. ಘೋಷಣೆಯ ದಿನ ಚಪ್ಪಾಳೆ ತಟ್ಟಿದ ನಾವು ಖರ್ಚಿನ ದಿನ ಎಲ್ಲಿದ್ದೆವು?

ವಿಜ್ಞಾನದ ಮಾತಿಗೆ ಬರೋಣ. 2014ರಲ್ಲಿ ಮಂಗಳಯಾನ ಗುರಿ ಮುಟ್ಟಿದಾಗ ಇಸ್ರೋದ ಮಹಿಳೆಯರು ಸೀರೆಯುಟ್ಟು ಹೂ ಮುಡಿದು ಸಂಭ್ರಮಿಸಿದ ಚಿತ್ರವನ್ನು ನಾನು ಕತ್ತರಿಸಿ ಶಾಲೆಯ ಫಲಕಕ್ಕೆ ಅಂಟಿಸಿದ್ದೆ. ಹುಡುಗಿಯರು ಎಷ್ಟು ದಿನ ಅದರ ಮುಂದೆ ನಿಂತರು! ಆದರೆ ಆ ಚಿತ್ರದೊಳಗೆ ಹೋಗುವ ಮೆಟ್ಟಿಲುಗಳ ಗತಿ ನೋಡಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ನಡೆಸುತ್ತಿದ್ದ, ಪಿಯುಸಿ ಮಕ್ಕಳು ಬರೆಯಬಹುದಾಗಿದ್ದ ಕಿಶೋರ ವೈಜ್ಞಾನಿಕ ಪ್ರೋತ್ಸಾಹನ್ ಯೋಜನೆ 1999ರಲ್ಲಿ ಹುಟ್ಟಿ 2022ರಲ್ಲಿ ನಿಂತಿತು. ಬೇರೊಂದು ಯೋಜನೆಯಲ್ಲಿ ಸೇರಿಸಿದ್ದೇವೆ ಎಂದರು. ಸಂಶೋಧನೆಗೆ ದೇಶ ಖರ್ಚು ಮಾಡುವುದು ಒಟ್ಟು ಉತ್ಪನ್ನದ ಶೇಕಡಾ 0.64ರಷ್ಟು, ನೂರು ರೂಪಾಯಿಗೆ ಅರವತ್ತನಾಲ್ಕು ಪೈಸೆ. 2023ರಲ್ಲಿ ಅನುಸಂಧಾನ ಪ್ರತಿಷ್ಠಾನದ ಕಾಯಿದೆ ತಂದು ಐದು ವರ್ಷಕ್ಕೆ 50,000 ಕೋಟಿ ಎಂದರು. ಅದರಲ್ಲಿ 36,000 ಕೋಟಿ ಬರಬೇಕಾದದ್ದು ಉದ್ದಿಮೆದಾರರು, ದಾನಿಗಳು ಮುಂತಾದವರಿಂದ! ಬರುವ ಮುಯ್ಯಿಯನ್ನು ನಂಬಿ ಮದುವೆ ಛತ್ರ ಗೊತ್ತುಮಾಡಿದ ಹಾಗೆ. ನಮ್ಮ ಸಂಘದ ಹೆಂಗಸರು ಇಂಥ ಲೆಕ್ಕ ಒಪ್ಪುತ್ತಿದ್ದರೆ?

ಅಮೆರಿಕದಲ್ಲಿರುವ ನನ್ನ ಅಕ್ಕನ ಮಗಳೊಡನೆ ಫೋನಿನಲ್ಲಿ ಇದೇ ಮಾತು ಬಂತು. ಅಲ್ಲಿ ವಾಣಿಜ್ಯ, ನ್ಯಾಯ, ವಿಜ್ಞಾನ ಮೂರಕ್ಕೂ ಸೇರಿಸಿ ವರ್ಷಕ್ಕೊಂದು ಹಣದ ಮಸೂದೆಯಂತೆ. 2025ರಲ್ಲಿ ಹಣಕಾಸಿನ ಜಗಳ ಬಗೆಹರಿಯದೆ 43 ದಿನ ಸರ್ಕಾರಿ ಕಚೇರಿಗಳು ಬಾಗಿಲು ಹಾಕಿ, ನೌಕರರು ಸಂಬಳವಿಲ್ಲದೆ ಒದ್ದಾಡಿದರು. ಆ ಜಗಳಗಂಟತನ ನಮಗೆ ಬೇಡವೇ ಬೇಡ. ಆದರೆ ಇನ್ನೊಂದನ್ನೂ ಅವಳು ಹೇಳಿದಳು. ಅದೇ ವರ್ಷ ಅಲ್ಲಿನ ಅಧ್ಯಕ್ಷರು ನಾಸಾದ ವಿಜ್ಞಾನದ ಹಣವನ್ನು ಹತ್ತಿರ ಹತ್ತಿರ ಅರ್ಧಕ್ಕೆ ಇಳಿಸಬೇಕೆಂದರು. ಅವರ ಸ್ವಂತ ಪಕ್ಷದವರೂ ಇದ್ದ ಸಂಸತ್ತು ಸಾಲು ಸಾಲಾಗಿ ಲೆಕ್ಕ ನೋಡಿ, 2026ರ ಜನವರಿಯಲ್ಲಿ ಬಹುಪಾಲನ್ನು ಮತ್ತೆ ಕೊಟ್ಟಿತು. ಓದಿದ್ದರಿಂದ ಉಳಿಯಿತು. ಓದದೆ ಹೌದು ಎನ್ನುವ ಸದನ ಯಾವುದನ್ನು ಉಳಿಸೀತು?

ನಮ್ಮ ಸಂಸದರಿಗೂ ಕೈ ಕಟ್ಟಿಲ್ಲ. ಒಂದು ಇಲಾಖೆಯ ಬೇಡಿಕೆಯಲ್ಲಿ 100 ರೂಪಾಯಿ ಕಡಿಮೆ ಮಾಡಿ ಎಂದು ಯಾವ ಸದಸ್ಯರಾದರೂ ಸೂಚನೆ ಕೊಡಬಹುದು. ನೂರು ರೂಪಾಯಿ ಉಳಿಸುವುದಕ್ಕಲ್ಲ. ಆ ನೆಪದಲ್ಲಿ ತಮ್ಮ ಜನರ ಒಂದು ಕಷ್ಟವನ್ನು ಸದನದಲ್ಲಿ ಎತ್ತುವುದಕ್ಕೆ. ಗಿಲೋಟಿನ್ ಬಿದ್ದರೆ ಆ ಅವಕಾಶವೂ ಸತ್ತುಹೋಗುತ್ತದೆ. ಆದ್ದರಿಂದ ನಮ್ಮ ಬೇಡಿಕೆ ಎರಡೇ: ವರ್ಷಕ್ಕೊಂದು ದಿನವಾದರೂ ನ್ಯಾಯ ಇಲಾಖೆಗೆ, ಒಂದು ದಿನ ವಿಜ್ಞಾನಕ್ಕೆ ಚರ್ಚೆ ಇಡಿ, ಮತ್ತು ನೀವು ಅಲ್ಲಿ ಬಾಯಿ ಬಿಡಿ.

ಹೀಗೆಂದು ಬರೆದು ನಮ್ಮ ಸಂಘದ ಹದಿನಾಲ್ಕು ಮಂದಿ ರುಜು ಹಾಕಿದೆವು. ಮೊದಲ ರುಜು ಬಿಸಿಯೂಟದ ಆ ಹೆಣ್ಣುಮಗಳದು. ಸಂಸದರ ಕಚೇರಿಗೆ ನಾನೇ ಒಯ್ದು ಕೊಟ್ಟೆ. ಅಲ್ಲಿದ್ದ ಹುಡುಗ, "ರಸ್ತೆದಾ, ಚರಂಡಿದಾ ಅಮ್ಮಾ?" ಎಂದು ಕೇಳಿದ.

"ಎರಡೂ ಅಲ್ಲಪ್ಪ, ಲೆಕ್ಕದ್ದು" ಎಂದೆ.

ಅವನು ಯಾವ ಕಡತಕ್ಕೆ ಸೇರಿಸಬೇಕೆಂದು ತಿಳಿಯದೆ ಮೇಜಿನ ಮೇಲೇ ಇಟ್ಟುಕೊಂಡ. ಉತ್ತರ ಬಂದಿಲ್ಲ. ಇನ್ನೊಂದು ಬರೆಯುತ್ತೇವೆ. ನೀವೂ ನಿಮ್ಮೂರಿನಿಂದ ಒಂದು ಬರೆಯಿರಿ, ತಾಯಂದಿರೆ. ಹತ್ತು ಊರಿನಿಂದ ಹತ್ತು ಕಾಗದ ಹೋದರೆ ಅದಕ್ಕೊಂದು ಕಡತವಾದರೂ ಹುಟ್ಟೀತು.